‘ಸೆಲ್ಫ್’ ಹುಟ್ಟಿದ ಕಥೆ

ನಮ್ಮ ಮೋಟಾರು ಗ್ಯಾರೇಜುಗಳಲ್ಲಿ ‘ಸೆಲ್ಫ್’ ಎಂಬ ಮಾತು ಎಷ್ಟು ಬಳಕೆಯಲ್ಲಿದೆಯೆಂದರೆ, ಅದು ಇಂಗ್ಲಿಷಿನ ಮಾತೆಂಬುದು ಯಾರ ನೆನಪಿಗೂ ಬರುವುದಿಲ್ಲ. “ಸೆಲ್ಫ್ ಎತ್ತುತ್ತಾ ಇಲ್ಲ”, “ಇನ್ನೊಂದು ಸಲ ಸೆಲ್ಫ್ ಹೊಡೀರಿ ಸ್ವಾಮಿ”, “ಸೆಲ್ಫ್ ಬಿಚ್ಚಬೇಕಾಗುತ್ತೆ” — ಈ ಮೂರನೆಯ ಮಾತು ಕಿವಿಗೆ ಬಿದ್ದೊಡನೆ ಗಾಡಿಯ ಯಜಮಾನನ ಕೈ ತಾನಾಗಿಯೇ ಜೇಬಿನ ಕಡೆ ಹೋಗುತ್ತದೆ. ಇದರ ಪೂರ್ತಿ ಹೆಸರು ಸೆಲ್ಫ್ ಸ್ಟಾರ್ಟರ್. ತನ್ನಿಂದ ತಾನೇ ಹೊರಡಿಸುವ ಸಾಧನ. ಅಮೆರಿಕದವರು ತಲೆಯನ್ನು ಬಿಟ್ಟು ಬಾಲವನ್ನು ಇಟ್ಟುಕೊಂಡು ‘ಸ್ಟಾರ್ಟರ್’ ಎನ್ನುತ್ತಾರೆ. ನಾವು ಬಾಲವನ್ನು ಬಿಟ್ಟು ತಲೆಯನ್ನು ಉಳಿಸಿಕೊಂಡಿದ್ದೇವೆ. ಚರಿತ್ರೆ ಕಲಿಸಿ ನಿವೃತ್ತನಾದ ನನಗೆ ನಮ್ಮವರ ಆಯ್ಕೆಯೇ ಹೆಚ್ಚು ಅರ್ಥವತ್ತಾಗಿ ತೋರುತ್ತದೆ. ಏಕೆಂದರೆ ‘ತಾನೇ’ ಎಂಬ ಮಾತಿನ ಹಿಂದೆ, ತಾನಾಗಿ ಹೊರಡದಿದ್ದ ಒಂದು ಕಾಲವಿದೆ. ಆ ಕಾಲದ ಕಥೆ ತಿಳಿದವರಿಗೆ, ಕೀಲಿ ತಿರುಗಿಸಿದರೂ ಇಂಜಿನ್ ಅಲುಗದೆ ಕೂತಾಗ ಎಲ್ಲಿ ನೋಡಬೇಕೆಂಬುದೂ ಅರ್ಧ ತಿಳಿದಂತೆಯೇ.

ಪೆಟ್ರೋಲ್ ಇಂಜಿನ್ನಿಗೆ ಹುಟ್ಟಿನಿಂದಲೇ ಒಂದು ಊನವಿದೆ. ಉಗಿಯಂತ್ರಕ್ಕೆ ಉಗಿ ಬಿಟ್ಟರೆ ಸಾಕು, ಚಲಿಸುತ್ತದೆ. ವಿದ್ಯುತ್ ಮೋಟಾರಿಗೆ ಗುಂಡಿ ಒತ್ತಿದರೆ ಸಾಕು. ಪೆಟ್ರೋಲ್ ಇಂಜಿನ್ ಮಾತ್ರ ಮೊದಲು ಗಾಳಿ ಮತ್ತು ಪೆಟ್ರೋಲಿನ ಆವಿಯನ್ನು ಒಳಗೆ ಎಳೆದುಕೊಳ್ಳಬೇಕು, ಅದನ್ನು ಅದುಮಬೇಕು, ಆಮೇಲೆ ಕಿಡಿ ಹಾರಿ ಸಿಡಿಯಬೇಕು. ಆ ಮೊದಲಿನ ಎರಡು ಕೆಲಸಗಳನ್ನು ಯಾರಾದರೂ ಹೊರಗಿನಿಂದ ತಿರುಗಿಸಿ ಮಾಡಿಸಬೇಕು. ಆ ‘ಯಾರಾದರೂ’ ಬಹುಕಾಲ ಮನುಷ್ಯನ ಬಲಗೈಯೇ ಆಗಿತ್ತು. ಗಾಡಿಯ ಮೂತಿಗೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ, ಸೊಂಟ ಬಗ್ಗಿಸಿ, ಉಸಿರು ಕಟ್ಟಿ ಮೇಲಕ್ಕೆ ಎಳೆಯಬೇಕಾಗಿತ್ತು.

ಶ್ರಮವಷ್ಟೇ ಆಗಿದ್ದರೆ ಯಾರೂ ಇಷ್ಟು ದೂರುತ್ತಿರಲಿಲ್ಲ. ಕಿಡಿ ಹಾರುವ ಹೊತ್ತನ್ನು ಆಗ ಚಾಲಕನೇ ಒಂದು ಸಣ್ಣ ಸನ್ನೆಯಿಂದ ಹಿಂದೆ ಮುಂದೆ ಮಾಡುತ್ತಿದ್ದ. ಹೊರಡಿಸುವಾಗ ಕಿಡಿಯನ್ನು ತಡಮಾಡಬೇಕು. ಅದನ್ನು ಮರೆತರೆ, ಪಿಸ್ಟನ್ ಪೂರ್ತಿ ಮೇಲೇರುವ ಮೊದಲೇ ಒಳಗೆ ಸಿಡಿತವಾಗಿ ಇಂಜಿನ್ ಹಿಂದುಮುಂದಾಗಿ ಒದೆಯುತ್ತದೆ. ಆ ಒದೆ ಹ್ಯಾಂಡಲ್ ಹಿಡಿದ ಕೈಗೆ. ಹೆಬ್ಬೆರಳನ್ನು ಹ್ಯಾಂಡಲಿನ ಸುತ್ತ ಬಳಸದೆ ಉಳಿದ ಬೆರಳುಗಳ ಪಕ್ಕದಲ್ಲಿಯೇ ಇಟ್ಟುಕೊಳ್ಳಬೇಕು, ಕೆಳಕ್ಕೆ ಒತ್ತದೆ ಮೇಲಕ್ಕೆ ಎಳೆಯಬೇಕು ಎಂಬುದು ಆ ಕಾಲದ ಡ್ರೈವರುಗಳ ಮೊದಲ ಪಾಠ. ಪಾಠ ಮರೆತವರ ಮಣಿಕಟ್ಟು ಮುರಿಯುತ್ತಿತ್ತು. ಹೆಬ್ಬೆರಳಿನ ಕಡೆಯ ಮುಂಗೈ ಮೂಳೆಯ ತುದಿ ಒಡೆಯುವ ಈ ಬಗೆಗೆ ವೈದ್ಯರು ‘ಷೋಫರ್ ಫ್ರ್ಯಾಕ್ಚರ್’ ಎಂದೇ ಹೆಸರಿಟ್ಟರು. ಹ್ಯಾಂಡಲ್ ಮಾಯವಾಗಿ ಎಷ್ಟೋ ಕಾಲವಾದರೂ ಮೂಳೆ ವೈದ್ಯರ ಪುಸ್ತಕಗಳಲ್ಲಿ ಆ ಹೆಸರು ಉಳಿದಿದೆ.

ನನ್ನ ಬಾಲ್ಯದಲ್ಲಿ, ಐವತ್ತರ ದಶಕದ ಕೊನೆಯಲ್ಲಿ, ನಮ್ಮೂರಿಗೆ ಬರುತ್ತಿದ್ದ ಪೆಟ್ರೋಲ್ ಬಸ್ಸಿನ ಕ್ಲೀನರನ ಬಲ ಮುಂಗೈ ಸ್ವಲ್ಪ ಸೊಟ್ಟಗಿತ್ತು. ನಾವು ಹುಡುಗರು ಅದನ್ನು ಅವನ ಹುಟ್ಟುಗುಣವೆಂದೇ ತಿಳಿದಿದ್ದೆವು. ಬೆಳಗಿನ ಚಳಿಯಲ್ಲಿ ಬಸ್ಸು ಹೊರಡುವ ಮುನ್ನ ಆತ ಹ್ಯಾಂಡಲಿಗೆ ಕೈಮುಗಿದು ಹಿಡಿಯುತ್ತಿದ್ದುದನ್ನು ನೋಡಿ ನಗುತ್ತಿದ್ದೆವು. ಆ ನಮಸ್ಕಾರದಲ್ಲಿ ಭಕ್ತಿ ಎಷ್ಟಿತ್ತು, ಭಯ ಎಷ್ಟಿತ್ತು ಎಂಬುದು ಆಗ ನಮಗೆ ಹೊಳೆಯಲಿಲ್ಲ.

ಅಮೆರಿಕದಲ್ಲಿ ಈ ಸಂಬಂಧವಾಗಿ ಒಂದು ಕಥೆ ಪ್ರಸಿದ್ಧವಾಗಿದೆ. ಡೆಟ್ರಾಯಿಟ್ ಪಟ್ಟಣದ ಬೆಲ್ ಐಲ್ ಎಂಬ ನಡುಗಡ್ಡೆಯ ಸೇತುವೆಯ ಮೇಲೆ, 1910ರ ಚಳಿಗಾಲದಲ್ಲಿ, ಮಹಿಳೆಯೊಬ್ಬಳ ಕಾರು ನಿಂತುಹೋಯಿತಂತೆ. ಆ ದಾರಿಯಲ್ಲಿ ಬಂದ ಬೈರನ್ ಕಾರ್ಟರ್ ಎಂಬ ಕಾರು ತಯಾರಕ ಸಹಾಯಕ್ಕೆ ಇಳಿದು ಹ್ಯಾಂಡಲ್ ತಿರುಗಿಸಿದನಂತೆ. ಹ್ಯಾಂಡಲ್ ಒದ್ದು ದವಡೆ ಮುರಿದು, ಆ ಗಾಯದಿಂದಲೇ ಆತ ಸತ್ತನಂತೆ. ಅವನ ಸ್ನೇಹಿತನೂ ಕ್ಯಾಡಿಲಾಕ್ ಕಾರುಗಳ ಕರ್ತೃವೂ ಆದ ಹೆನ್ರಿ ಲೇಲೆಂಡ್ ದುಃಖದಿಂದ, ಇನ್ನು ಮುಂದೆ ಹ್ಯಾಂಡಲಿನಿಂದ ಯಾರೂ ಸಾಯಕೂಡದೆಂದು ನಿಶ್ಚಯಿಸಿದನಂತೆ. ಕಥೆ ಚೆನ್ನಾಗಿದೆ, ಚೆನ್ನಾಗಿರುವುದರಿಂದಲೇ ಪುಸ್ತಕದಿಂದ ಪುಸ್ತಕಕ್ಕೆ ನಡೆದುಬಂದಿದೆ. ಆದರೆ ದಾಖಲೆಗಳ ಪ್ರಕಾರ ಕಾರ್ಟರ್ ತೀರಿಕೊಂಡದ್ದು 1908ರ ಏಪ್ರಿಲ್‌ನಲ್ಲಿ. ಸತ್ತು ಎರಡು ವರ್ಷದ ಮೇಲೆ ಆತ ಸೇತುವೆಯ ಮೇಲೆ ಕಾರು ನಿಲ್ಲಿಸಿ ಉಪಕಾರ ಮಾಡಿರಲಾರ. ಇಸವಿ ತಪ್ಪಿದ್ದರೂ ಕಥೆಯ ತಿರುಳನ್ನು ಕಿತ್ತೆಸೆಯಬೇಕಿಲ್ಲ. ಮುರಿದ ಕೈಗಳು ಊರೂರಿನಲ್ಲಿಯೂ ಇದ್ದವು. ಜನರು ಅವುಗಳಿಗೆಲ್ಲ ಸೇರಿಸಿ ಒಬ್ಬ ಹುತಾತ್ಮನನ್ನು ಆರಿಸಿಕೊಂಡರು, ಅಷ್ಟೆ.

ಹ್ಯಾಂಡಲನ್ನು ತಪ್ಪಿಸುವ ಯೋಚನೆ ಲೇಲೆಂಡನಿಗೆ ಮೊದಲೇ ಇತರರಿಗೂ ಬಂದಿತ್ತು. ಇಂಗ್ಲೆಂಡಿನಲ್ಲಿ ಡೌಸಿಂಗ್ ಎಂಬಾತ 1896ರಷ್ಟು ಹಿಂದೆಯೇ ಒಂದು ಆರ್ನಾಲ್ಡ್ ಗಾಡಿಗೆ ವಿದ್ಯುತ್ ಮೋಟಾರು ಜೋಡಿಸಿದ್ದ. ಅಮೆರಿಕದ ಕ್ಲೈಡ್ ಕೋಲ್ಮನ್ 1903ರಲ್ಲಿ ಇಂತಹುದೊಂದಕ್ಕೆ ಪೇಟೆಂಟ್ ಪಡೆದಿದ್ದ. ಬಿಗಿದ ಸ್ಪ್ರಿಂಗು, ಒತ್ತಿ ತುಂಬಿದ ಗಾಳಿ, ಅಸಿಟಿಲೀನ್ ಅನಿಲ ಎಲ್ಲವನ್ನೂ ಪ್ರಯೋಗಿಸಿ ನೋಡಿದರು. ವಿದ್ಯುತ್ತಿನ ದಾರಿಗೆ ಅಡ್ಡಬಂದದ್ದು ಗಾತ್ರ. ಆ ಇಂಜಿನ್ನನ್ನು ತಿರುಗಿಸುವಷ್ಟು ಬಲದ ಮೋಟಾರನ್ನು ಲೆಕ್ಕದ ಪ್ರಕಾರ ಮಾಡಿದರೆ, ಅದನ್ನೂ ಅದರ ಬ್ಯಾಟರಿಗಳನ್ನೂ ಹೊರಲು ಇನ್ನೊಂದು ಗಾಡಿ ಬೇಕಾಗುತ್ತಿತ್ತು.

ಲೆಕ್ಕವನ್ನು ಬೇರೆ ರೀತಿಯಿಂದ ಹಾಕಿದವನು ಚಾರ್ಲ್ಸ್ ಕೆಟರಿಂಗ್. 1876ರಲ್ಲಿ ಓಹಾಯೊ ಸಂಸ್ಥಾನದ ಹಳ್ಳಿಯೊಂದರಲ್ಲಿ ಹುಟ್ಟಿದ ಈತನಿಗೆ ಕಣ್ಣಿನ ತೊಂದರೆ; ಅದರಿಂದ ಓದು ನಡುನಡುವೆ ನಿಂತು, ಪದವಿ ಪಡೆಯುವ ಹೊತ್ತಿಗೆ 1904 ಬಂದಿತ್ತು. ಡೇಟನ್ ಪಟ್ಟಣದಲ್ಲಿ ಅಂಗಡಿಗಳ ಗಲ್ಲಾಯಂತ್ರಗಳನ್ನು ಮಾಡುವ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ. ಆ ಯಂತ್ರಗಳಿಗೂ ಒಂದು ಹ್ಯಾಂಡಲ್ ಇತ್ತು. ಗಿರಾಕಿ ಹಣ ಕೊಟ್ಟಾಗಲೆಲ್ಲ ತಿರುಗಿಸಬೇಕು. ಅದನ್ನು ವಿದ್ಯುತ್ತಿನಿಂದ ತಿರುಗಿಸುವ ಕೆಲಸ ಕೆಟರಿಂಗನ ಪಾಲಿಗೆ ಬಂತು. ಆಗ ಅವನಿಗೆ ಹೊಳೆದದ್ದಿಷ್ಟು: ಗಲ್ಲಾಪೆಟ್ಟಿಗೆಯ ಮೋಟಾರು ದಿನವಿಡೀ ದುಡಿಯಬೇಕಾಗಿಲ್ಲ. ಒಂದು ಕ್ಷಣ ಜೋರಾಗಿ ಎಳೆದು, ಆಮೇಲೆ ಮುಂದಿನ ಗಿರಾಕಿ ಬರುವವರೆಗೆ ತಣ್ಣಗೆ ಕೂತಿರುತ್ತದೆ. ಅಂದಮೇಲೆ ಆ ಒಂದು ಕ್ಷಣದ ಮಟ್ಟಿಗೆ ಸಣ್ಣ ಮೋಟಾರಿನ ಮೇಲೆ ಅದರ ಯೋಗ್ಯತೆಗೆ ಮೀರಿದ ಭಾರ ಹೊರಿಸಿದರೆ ತಪ್ಪೇನು? ಸುಟ್ಟುಹೋಗುವಷ್ಟು ಕಾವೇರುವ ಮೊದಲೇ ಅದರ ಕೆಲಸ ಮುಗಿದಿರುತ್ತದೆ.

ಇಷ್ಟೇ ಇಡೀ ಗುಟ್ಟು. ಕೆಟರಿಂಗ್ 1909ರಲ್ಲಿ ಗಲ್ಲಾಪೆಟ್ಟಿಗೆಯ ಕೆಲಸ ಬಿಟ್ಟು, ಎಡ್ವರ್ಡ್ ಡೀಡ್ಸ್ ಎಂಬ ಸ್ನೇಹಿತನ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ನಾಲ್ಕಾರು ಜನ ಗೆಳೆಯರೊಂದಿಗೆ ಹಗಲಿರುಳು ದುಡಿದ. ಡೇಟನ್ ಇಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿ ಎಂಬ ದೊಡ್ಡ ಹೆಸರಿನ ಅಂಚಿನ ಅಕ್ಷರಗಳು ಸೇರಿ ‘ಡೆಲ್ಕೊ’ ಆಯಿತು. ಕ್ಯಾಡಿಲಾಕ್ ಗಾಡಿಯಲ್ಲಿ ಅವನ ಯಂತ್ರವನ್ನು ಕೂರಿಸಿದ ದಿನ 1911ನೆಯ ಫೆಬ್ರವರಿ 17. ಒಂದೇ ಯಂತ್ರ ಮೊದಲು ಮೋಟಾರಾಗಿ ಇಂಜಿನ್ನನ್ನು ಎಬ್ಬಿಸುತ್ತಿತ್ತು. ಇಂಜಿನ್ ಎದ್ದ ಮೇಲೆ ಅದೇ ಡೈನಮೊ ಆಗಿ, ಖರ್ಚಾದ ವಿದ್ಯುತ್ತನ್ನು ಬ್ಯಾಟರಿಗೆ ಮರಳಿ ತುಂಬುತ್ತಿತ್ತು. ಸಾಲ ತೆಗೆದುಕೊಂಡವನು ದುಡಿಯತೊಡಗಿದೊಡನೆ ತೀರಿಸಿದ ಹಾಗೆ. 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳು ಹ್ಯಾಂಡಲಿನ ಗೊಡವೆಯಿಲ್ಲದೆ ಮಾರಾಟಕ್ಕೆ ಬಂದವು. ಲಂಡನ್ನಿನ ರಾಯಲ್ ಆಟೊಮೊಬೈಲ್ ಕ್ಲಬ್ಬಿನ ಡ್ಯೂಆರ್ ಟ್ರೋಫಿ ಆ ಕಂಪನಿಗೆ ಎರಡನೆಯ ಸಲ ದೊರೆಯಿತು. ಹೆನ್ರಿ ಫೋರ್ಡ್ ಮಾತ್ರ ಜಗ್ಗಲಿಲ್ಲ. ಅವನ ಮಾಡೆಲ್ ಟಿ ಗಾಡಿಗೆ ಕಾರ್ಖಾನೆಯಿಂದಲೇ ಸೆಲ್ಫ್ ಬಂದದ್ದು 1919ರಲ್ಲಿ. ಇಷ್ಟರ ನಡುವೆ ಫೋರ್ಡನ ಹೆಂಡತಿ ಕ್ಲಾರಾ ಓಡಿಸುತ್ತಿದ್ದದ್ದು ಹ್ಯಾಂಡಲಿನ ಕಾಟವೇ ಇಲ್ಲದ ಬೇರೆ ಕಂಪನಿಯ ವಿದ್ಯುತ್ ಕಾರು! ಗಂಡ ಲೋಕಕ್ಕೆಲ್ಲ ಹ್ಯಾಂಡಲ್ ಮಾರುತ್ತಿದ್ದ; ಮನೆಯಾಕೆ ಅದನ್ನು ಮುಟ್ಟಲಿಲ್ಲ.

ಸೆಲ್ಫ್ ಬಂದದ್ದರಿಂದ ಹೆಂಗಸರು, ಮುದುಕರು, ತೋಳಬಲ ಕಡಿಮೆಯಿದ್ದವರು ಯಾರ ಹಂಗೂ ಇಲ್ಲದೆ ಗಾಡಿ ಹತ್ತುವಂತಾಯಿತು. ಇದು ಸಣ್ಣ ಉಪಕಾರವಲ್ಲ. ಆದರೆ ಕೆಟರಿಂಗನನ್ನು ದೇವರ ಪಟದ ಸಾಲಿನಲ್ಲಿ ಕೂರಿಸಲು ನನಗೆ ಮನಸ್ಸಿಲ್ಲ. ಪೆಟ್ರೋಲಿಗೆ ಸೀಸ ಬೆರೆಸುವ ವಿದ್ಯೆ 1921ರಲ್ಲಿ ಹೊರಬಂದದ್ದೂ ಅವನ ಪ್ರಯೋಗಶಾಲೆಯಿಂದಲೇ. ಆ ವಿಷ ಲೋಕದ ರಸ್ತೆಗಳಿಂದ ಪೂರ್ತಿ ತೊಲಗಲು 2021ರವರೆಗೆ ಕಾಯಬೇಕಾಯಿತು. ಕೈಮೂಳೆ ಉಳಿಸಿದ ಮನೆಯಿಂದಲೇ ಮಕ್ಕಳ ಮಿದುಳಿಗೆ ಕೇಡು ಬಂತು.

ಇಂಜಿನ್ ಎದ್ದ ಮೇಲೆ ಮೋಟಾರಿನ ಹಲ್ಲು ಅದರ ಚಕ್ರದಿಂದ ಬಿಟ್ಟುಕೊಳ್ಳಬೇಕು; ಇಲ್ಲದಿದ್ದರೆ ಇಂಜಿನ್ನೇ ಮೋಟಾರನ್ನು ಹರಿದುಹಾಕುವಷ್ಟು ವೇಗವಾಗಿ ತಿರುಗಿಸುತ್ತದೆ. ಇದಕ್ಕೆ ಅತ್ಯಂತ ಸರಳವಾದ ಉಪಾಯ ಹೂಡಿದವನು ವಿನ್ಸೆಂಟ್ ಬೆಂಡಿಕ್ಸ್. ಮೋಟಾರಿನ ದಂಡಕ್ಕೆ ತಿರುಪಿನ ಗೆರೆ ಕೊರೆದು, ಅದರ ಮೇಲೆ ಸಡಿಲವಾಗಿ ಒಂದು ಹಲ್ಲುಚಕ್ರ. ದಂಡ ಥಟ್ಟನೆ ತಿರುಗಿದರೆ ಹಲ್ಲುಚಕ್ರ ತನ್ನ ಜಡತ್ವದಿಂದ ಹಿಂದುಳಿದು, ಗೆರೆಯ ಮೇಲೆ ಜಾರಿ ಮುಂದೆ ಹೋಗಿ ಇಂಜಿನ್ನಿನ ದೊಡ್ಡ ಚಕ್ರವನ್ನು ಕಚ್ಚುತ್ತದೆ. ಇಂಜಿನ್ ಓಡತೊಡಗಿದೊಡನೆ ಅದೇ ಅದನ್ನು ಹಿಂದಕ್ಕೆ ತಳ್ಳಿಬಿಡುತ್ತದೆ. ದೊಡ್ಡ ಕಾರುಗಳು ಈ ಏರ್ಪಾಡನ್ನು ಬಿಟ್ಟು ಬಹುಕಾಲವಾಯಿತು. ಸಣ್ಣ ಇಂಜಿನ್ನುಗಳು ಇನ್ನೂ ಬಿಟ್ಟಿಲ್ಲ.

ಸಣ್ಣ ಇಂಜಿನ್ನುಗಳ ಗಾಡಿಯಲ್ಲಿ ಅಮೆರಿಕದವರಿಗೆ ಅಚ್ಚುಮೆಚ್ಚಾದದ್ದು ಗಾರ್ಡನ್ ಟ್ರ್ಯಾಕ್ಟರು. ನಮ್ಮಲ್ಲಿ ಇದರ ಸ್ಥಾನದಲ್ಲಿ ಇರುವುದು ಪವರ್ ಟಿಲ್ಲರು. ಬೆಂಗಳೂರಿನ ವಿ.ಎಸ್.ಟಿ. ಕಂಪನಿ 1967ರಲ್ಲಿ ಜಪಾನಿನ ಮಿತ್ಸುಬಿಷಿಯ ಸಹಕಾರದಿಂದ ಆರಂಭವಾದಂದಿನಿಂದ ನಮ್ಮ ಗದ್ದೆ ತೋಟಗಳಲ್ಲಿ ಅದರ ಸದ್ದು ಕೇಳಿಬರುತ್ತಿದೆ, ಮತ್ತು ಅದನ್ನು ಬಹುಕಾಲ ಹ್ಯಾಂಡಲ್ ಹೊಡೆದೇ ಎಬ್ಬಿಸುತ್ತಿದ್ದರು. ಅಮೆರಿಕದ ಗಾರ್ಡನ್ ಟ್ರ್ಯಾಕ್ಟರು ನಾಲ್ಕು ಚಕ್ರದ ಪುಟ್ಟ ಬಂಡಿ. ಮೇಲೆ ಕೂತು ಹುಲ್ಲು ಕತ್ತರಿಸಬಹುದು, ಹಿಮ ತಳ್ಳಬಹುದು, ಕೈತೋಟ ಉಳಬಹುದು. ಇಂಡಿಯಾನಾದ ಸೌತ್ ಬೆಂಡ್ ಎಂಬಲ್ಲಿ ಎಲ್ಮರ್ ಪಾಂಡ್ 1946ರಲ್ಲಿ ಇಂತಹ ಬಂಡಿಗಳನ್ನು ಮಾಡತೊಡಗಿದ. ಮುಂದೆ ಅವು ‘ವೀಲ್ ಹಾರ್ಸ್’ ಎಂದು ಹೆಸರಾದವು. ಅರವತ್ತರ ದಶಕದ ಆರಂಭದಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ‘ಕಬ್ ಕೆಡೆಟ್’ ಎಂಬುದನ್ನು ತಂದಿತು. ಆ ಕಾಲದ ಎಷ್ಟೋ ಪುಟ್ಟ ಟ್ರ್ಯಾಕ್ಟರುಗಳಿಗೆ, ಬೆಲ್ಟಿನಿಂದ ತಿರುಗುವ, ಮೋಟಾರೂ ಡೈನಮೊ ಎರಡೂ ಆಗುವ ಯಂತ್ರವನ್ನೇ ಜೋಡಿಸಿದ್ದರು. ಕಾರುಗಳು ಎಂದೋ ಬಿಟ್ಟುಕೊಟ್ಟಿದ್ದ ಕೆಟರಿಂಗನ ಮೊದಲ ಯೋಚನೆ ಹೀಗೆ ಹಿತ್ತಲಲ್ಲಿ ಮರುಹುಟ್ಟು ಪಡೆಯಿತು. ಅದನ್ನು ಮಾಡಿಕೊಟ್ಟ ಕಂಪನಿಯ ಹೆಸರೂ ಡೆಲ್ಕೊ ರೆಮಿ!

ಕೆಲವು ವರ್ಷಗಳ ಹಿಂದೆ ಓಹಾಯೊದಲ್ಲಿರುವ ಮಗಳ ಮನೆಯಲ್ಲಿ ಒಂದು ಬೇಸಿಗೆ ಕಳೆದೆ. ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಅಳಿಯ ಹಳೆಯದಾಗಿ ಕೊಂಡಿದ್ದ ಗಾರ್ಡನ್ ಟ್ರ್ಯಾಕ್ಟರು ಮೂಲೆ ಹಿಡಿದು ಕೂತಿತ್ತು. ಕೀಲಿ ತಿರುಗಿಸಿದರೆ ‘ಟಕ್’ ಎನ್ನುತ್ತದೆ, ಇಂಜಿನ್ ಅಲುಗುವುದಿಲ್ಲ. ರಿಪೇರಿ ಅಂಗಡಿಯವರು ಟೆಲಿಫೋನಿನಲ್ಲಿಯೇ ರೋಗ ಕೇಳಿ, ಸೆಲ್ಫ್ ಸತ್ತಿದೆ, ಹೊಸದು ಹಾಕಬೇಕು ಎಂದಿದ್ದರು. ಬೆಲೆ ಕೇಳಿ ಮಗಳು, “ಅಪ್ಪ, ಈ ದುಡ್ಡಿಗೆ ಕುರಿ ಸಾಕಿದ್ದರೂ ಹುಲ್ಲು ಮೇಯ್ದಿರುತ್ತಿತ್ತು” ಎಂದಳು. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಮುದುಕರೊಬ್ಬರು. ಜೀವಮಾನವೆಲ್ಲ ಮೆಕ್ಯಾನಿಕ್ ಆಗಿದ್ದವರು. ಅವರನ್ನು ಕರೆದೆವು.

ಅವರು ಮೊದಲು ಕೈಯ ಉಂಗುರ ತೆಗೆದು ಜೇಬಿಗೆ ಹಾಕಿಕೊಂಡರು. ಬ್ಯಾಟರಿಯ ಎರಡು ತುದಿಗಳ ನಡುವೆ ಉಂಗುರ ಸಿಕ್ಕಿದರೆ ಬೆರಳು ಸುಟ್ಟುಹೋಗುತ್ತದೆ. ಗೇರು ನ್ಯೂಟ್ರಲ್ಲಿನಲ್ಲಿದೆಯೇ ನೋಡಿದರು. ಆಮೇಲೆ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ, ಫ್ಲೈವೀಲನ್ನು ಕೈಯಿಂದಲೇ ತಿರುಗಿಸಿದರು. ಸಲೀಸಾಗಿ ತಿರುಗಿತು. ಅಂದರೆ ಇಂಜಿನ್ ಹಿಡಿದುಕೊಂಡಿಲ್ಲ. ಕಾರ್ಬುರೇಟರಿನಿಂದ ಪೆಟ್ರೋಲು ಸೋರಿ ಸಿಲಿಂಡರ್ ತುಂಬಿಯೂ ಇಲ್ಲ. ಇಂಜಿನ್ನೇ ತಿರುಗದ ಸ್ಥಿತಿಯಲ್ಲಿರುವಾಗ ಸೆಲ್ಫನ್ನು ಬೈದು ಫಲವೇನು ಎಂದರು. ಅಳಿಯ, “ಬ್ಯಾಟರಿ ಸರಿಯಾಗಿಯೇ ಇದೆ, ದೀಪ ಚೆನ್ನಾಗಿ ಉರಿಯುತ್ತೆ” ಎಂದ. ಮುದುಕರು ನಕ್ಕರು.

ಆ ನಗುವಿನ ಅರ್ಥ ಕೆಟರಿಂಗನ ಲೆಕ್ಕದಲ್ಲಿದೆ. ಸಣ್ಣ ಮೋಟಾರಿನಿಂದ ಕ್ಷಣಮಾತ್ರ ದೊಡ್ಡ ಕೆಲಸ ತೆಗೆಯಬೇಕು. ಇರುವುದು ಹನ್ನೆರಡೇ ವೋಲ್ಟು. ಆದ್ದರಿಂದ ಪ್ರವಾಹ ನೂರು ಆಂಪಿಯರಿನ ಮಟ್ಟಕ್ಕೆ ಹೋಗುತ್ತದೆ. ದಾರಿಯಲ್ಲಿ ಎಲ್ಲಿಯೋ ತುಕ್ಕು ಹಿಡಿದು ಒಂದು ಓಮಿನ ಇಪ್ಪತ್ತನೆಯ ಒಂದು ಭಾಗದಷ್ಟು ತಡೆ ಉಂಟಾಗಿದೆಯೆನ್ನಿ. ಎರಡು ಆಂಪಿಯರಿನ ದೀಪಕ್ಕೆ ಆ ತಡೆಯಲ್ಲಿ ನಷ್ಟವಾಗುವುದು ಒಂದು ವೋಲ್ಟಿನ ಹತ್ತನೆಯ ಒಂದು ಭಾಗ. ದೀಪಕ್ಕೆ ಅದು ಗೊತ್ತೇ ಆಗುವುದಿಲ್ಲ. ನೂರು ಆಂಪಿಯರಿನ ಸೆಲ್ಫಿಗೆ ಅದೇ ತಡೆಯಲ್ಲಿ ಐದು ವೋಲ್ಟು ನಷ್ಟ! ಹನ್ನೆರಡರಲ್ಲಿ ಐದು ದಾರಿಯಲ್ಲಿಯೇ ಸುಂಕವಾಗಿ ಹೋದರೆ ಮೋಟಾರು ತಿರುಗುವುದೆಂತು? ದೀಪ ಹೇಳುವ ಸಾಕ್ಷಿ ಅರ್ಧ ಸತ್ಯ.

ಮುದುಕರು ವೋಲ್ಟ್ ಮೀಟರ್ ಹಿಡಿದು ಬ್ಯಾಟರಿಯ ಎರಡು ಕಂಬಗಳ ಮೇಲೆ ನೋಡಿದರು. ಸುಮ್ಮನಿದ್ದಾಗ 12.6. ನನ್ನನ್ನು ಸೀಟಿನಲ್ಲಿ ಕೂರಿಸಿ, ಬ್ರೇಕು ತುಳಿಸಿ, ಕೀಲಿ ತಿರುಗಿಸಲು ಹೇಳಿದರು. ‘ಟಕ್.’ ಮುಳ್ಳು ಹನ್ನೊಂದೂವರೆಯಲ್ಲಿ ನಿಂತಿತು. ಬ್ಯಾಟರಿ ಸೋತಿದ್ದರೆ ಅದು ಒಂಬತ್ತರ ಕೆಳಗೂ ಬೀಳುತ್ತಿತ್ತು. ಆಗ ‘ಟಕ್’ ಒಂದೇ ಆಗದೆ, ಹಲ್ಲು ಕಟಕಟಿಸಿದಂತೆ ಸೋಲೆನಾಯ್ಡು ಬಡಿದುಕೊಳ್ಳುತ್ತಿತ್ತು. ಸೋಲೆನಾಯ್ಡು ಎಂದರೆ ಸಣ್ಣ ಪ್ರವಾಹದಿಂದ ದೊಡ್ಡ ಪ್ರವಾಹದ ಬಾಗಿಲು ತೆಗೆಯುವ ದ್ವಾರಪಾಲಕ. ಏನೂ ಸದ್ದೇ ಇಲ್ಲದಿದ್ದರೆ ಆ ದ್ವಾರಪಾಲಕನಿಗೆ ಅಪ್ಪಣೆಯೇ ಮುಟ್ಟಿಲ್ಲವೆಂದರ್ಥ: ಫ್ಯೂಸು, ಕೀಲಿಯ ಸ್ವಿಚ್ಚು, ಸೀಟು ಬ್ರೇಕುಗಳ ಸ್ವಿಚ್ಚುಗಳನ್ನು ನೋಡಬೇಕು. ಮೋಟಾರು ಗುಂಯ್ ಎಂದು ತಿರುಗಿ ಇಂಜಿನ್ ಮಾತ್ರ ಸುಮ್ಮನಿದ್ದರೆ ಬೆಂಡಿಕ್ಸನ ಹಲ್ಲುಚಕ್ರ ಕೊಳೆಯಲ್ಲಿ ಸಿಕ್ಕಿದೆ. ಅದಕ್ಕೆ ಎಣ್ಣೆ ಹಾಕಿದರೆ ಧೂಳು ಮೆತ್ತಿ ಇನ್ನೂ ಕೆಡುತ್ತದೆ, ಒರೆಸಿ ಒಣಗಿಸಿಯೇ ಬಿಡಬೇಕು. ಅರ್ಧ ಸುತ್ತು ತಿರುಗಿ ಮುಗ್ಗರಿಸಿದರೆ ವಾಲ್ವಿನ ಸಂದು ಹೆಚ್ಚಿ, ಒತ್ತಡ ಇಳಿಸಿಕೊಡುವ ಏರ್ಪಾಡು ಕೆಲಸ ಮಾಡುತ್ತಿಲ್ಲವೇನೋ ಎಂದು ಅನುಮಾನಿಸಬೇಕು. ಇದನ್ನೆಲ್ಲ ಅವರು ಹೇಳಿದ್ದು ಕೆಲಸ ಮಾಡುತ್ತಲೇ.

ಕೊನೆಗೆ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಋಣ ಕಂಬದ ಮೇಲೂ ಇನ್ನೊಂದನ್ನು ಇಂಜಿನ್ನಿನ ಮೈಮೇಲೂ ಇಟ್ಟು, ಮತ್ತೆ ಕೀಲಿ ತಿರುಗಿಸಲು ಹೇಳಿದರು. ಒಂದೇ ಕಬ್ಬಿಣದ ಎರಡು ತುದಿಗಳಂತಿರಬೇಕಾದ ಆ ಜಾಗಗಳ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಇರಕೂಡದು. ಮೀಟರು ಐದರ ಮೇಲೆ ಹೋಯಿತು. ರೋಗ ಸೆಲ್ಫಿನಲ್ಲಿಲ್ಲ, ಬ್ಯಾಟರಿಯಲ್ಲೂ ಇಲ್ಲ. ಅರ್ತ್ ಕೇಬಲನ್ನು ಚಾಸಿಗೆ ಬಿಗಿದ ಬೋಲ್ಟಿನ ಕೆಳಗೆ. ಕೇಬಲ್ ಬಿಚ್ಚಿ ನೋಡಿದರೆ ವಾಷರಿನ ಅಡಿಯಲ್ಲಿ ಕಂದು ಬಣ್ಣದ ಹಕ್ಕಳೆ. ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಸವರಿದರು. ಹತ್ತು ನಿಮಿಷದ ಕೆಲಸ; ಖರ್ಚು ಅರ್ಧ ಹಾಳೆ ಉಪ್ಪುಕಾಗದ. ಕೀಲಿ ತಿರುಗಿಸಿದೆ. ಇಂಜಿನ್ ಒಂದೇ ಸಲಕ್ಕೆ ಗರ್ಜಿಸಿ ಎದ್ದಿತು. ಮಗಳು ಅಡಿಗೆಮನೆಯ ಕಿಟಕಿಯಿಂದ ಚಪ್ಪಾಳೆ ತಟ್ಟಿದಳು.

ಹುಲ್ಲು ಕತ್ತರಿಸಲು ಹೊರಟವನನ್ನು ಮುದುಕರು ಕೈಯೆತ್ತಿ ತಡೆದರು. “ಒಮ್ಮೆ ಸೀಟಿನಿಂದ ಏಳಿ.” ಎದ್ದೆ. ಇಂಜಿನ್ ಓಡುತ್ತಲೇ ಇತ್ತು. ಅವರ ಮುಖ ಗಂಭೀರವಾಯಿತು. ಇಂಜಿನ್ ನಿಲ್ಲಿಸಿ ಸೀಟನ್ನು ಎತ್ತಿ ನೋಡಿದರೆ, ಹಿಂದಿನ ಯಜಮಾನರು ಯಾರೋ ಸ್ವಿಚ್ಚಿನ ಕಾಟ ತಪ್ಪಿಸಿಕೊಳ್ಳಲು ಅದರ ಎರಡು ತಂತಿಗಳನ್ನು ಒಂದು ತುಂಡಿನಿಂದ ಸೇರಿಸಿಬಿಟ್ಟಿದ್ದರು. ಕೂತವನು ಉರುಳಿಬಿದ್ದರೆ ಕೆಳಗಿನ ಅಲಗು ನಿಲ್ಲಲೆಂದು ಇಟ್ಟ ಸ್ವಿಚ್ಚು ಅದು. ಕೈ ಮುರಿಯುತ್ತಿದ್ದ ಹ್ಯಾಂಡಲನ್ನು ತಪ್ಪಿಸಿ ಒಂದು ಶತಮಾನವಾದ ಮೇಲೆ, ಕಾಲು ಕತ್ತರಿಸುವ ಏರ್ಪಾಡನ್ನು ಅಂಗೈಯಗಲದ ತಂತಿಯಿಂದ ಮಾಡಿಟ್ಟಿದ್ದರು. ಮುದುಕರು ಆ ತುಂಡನ್ನು ಕಿತ್ತು ತಮ್ಮ ಜೇಬಿಗೆ, ಉಂಗುರದ ಜೊತೆಗೆ, ಹಾಕಿಕೊಂಡು ತಂತಿಗಳನ್ನು ಸ್ವಿಚ್ಚಿಗೆ ಮರಳಿ ಜೋಡಿಸಿದರು. ಕೂತು ಇಂಜಿನ್ ಎಬ್ಬಿಸಿದೆ. ಅಲಗು ತಿರುಗತೊಡಗಿತು. ಅವರು ಸನ್ನೆ ಮಾಡಿದರು, ಎದ್ದೆ. ಸದ್ದು ಕಡಿದಂತೆ ನಿಂತಿತು.